ಕಳ್ಳನಿಗೊಂದು ‘ನಾಳೆ ಬಾ’

ಬೆಳಗಾವಿ ಜಿಲ್ಲೆಯಲ್ಲಿ ಇಬ್ಬರು ಕೂತು ಚಹಾ ಕುಡಿದರೆ ಒಂದು ಸಹಕಾರಿ ಸಂಘ ಹುಟ್ಟುತ್ತದೆ. ಮೂರನೆಯವನು ಬಂದು ಕೂತರೆ ಅದಕ್ಕೆ ಚುನಾವಣೆ ಬರುತ್ತದೆ. ಹಾಲಿಗೆ ಸಂಘ, ಕಬ್ಬಿಗೆ ಸಂಘ, ಸಾಲಕ್ಕೆ ಸಂಘ, ಹುಕ್ಕೇರಿಯಲ್ಲಂತೂ ಕರೆಂಟಿಗೂ ಸಂಘ. ಇಷ್ಟೆಲ್ಲ ಇದ್ದೂ, ಹೊತ್ತಿಲ್ಲ ಗೊತ್ತಿಲ್ಲ ಫೋನ್ ಮಾಡಿ ನಮ್ಮನ್ನು ಮನೆಯಲ್ಲೇ ಬಂಧಿಸುವ ಆನ್‌ಲೈನ್ ಕಳ್ಳರನ್ನು ವಿಚಾರಿಸಿಕೊಳ್ಳಲು ಒಂದು ಸಂಘ ಇಲ್ಲವೆಂದರೆ ಸಹಕಾರ ಚಳವಳಿಗೇ ಅವಮಾನ. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸೇರಿ ‘ಆನ್‌ಲೈನ್ ಕಳ್ಳರನ್ನು ಸತಾಯಿಸುವ ವಿವಿಧೋದ್ದೇಶ ಸಹಕಾರಿ ಸಂಘ, ನಿಯಮಿತ’ ಸ್ಥಾಪಿಸಬೇಕೆಂದು ಈ ಮೂಲಕ ಸೂಚಿಸುತ್ತೇನೆ. ಅನುಮೋದಿಸುವವರು ಕೈ ಎತ್ತಬಹುದು. ಫೋನ್ ಹಿಡಿದ ಕೈ ಬೇಡ, ಇನ್ನೊಂದು.

ಉದ್ದೇಶ ಸರಳ. ಕಳ್ಳನ ಬಂಡವಾಳವೆಂದರೆ ಅವನ ಹೊತ್ತು. ದಿನಕ್ಕೆ ನೂರು ಜನರಿಗೆ ಫೋನ್ ಹಚ್ಚಿದರೆ ಒಬ್ಬರು ಸಿಕ್ಕಾರು ಎಂಬ ಲೆಕ್ಕದಲ್ಲಿ ಅವನ ಅಂಗಡಿ ನಡೆಯುತ್ತದೆ. ಆ ನೂರರಲ್ಲಿ ಹತ್ತು ಮಂದಿ ತಲಾ ಒಂದು ತಾಸು ಹರಟೆ ಹೊಡೆದರೆ ಅಂಗಡಿ ಮುಚ್ಚಿದಂತೆಯೇ. ಪರದೇಶದಲ್ಲಿ ಇದನ್ನು ಒಂದು ವಿದ್ಯೆಯಾಗಿ ಬೆಳೆಸಿದ್ದಾರೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬ್ರಿಟನ್ನಿನ ಒಬ್ಬ ಕಿಲಾಡಿ, ತನಗೆ ಟೋಪಿ ಹಾಕಲು ಬಂದ ಇಮೇಲ್ ವಂಚಕನಿಗೆ ಕಲಾ ಪೋಷಕನ ವೇಷದಲ್ಲಿ ಆಸೆ ತೋರಿಸಿ, ಕಮೊಡೋರ್ 64 ಕಂಪ್ಯೂಟರಿನ ಕೀಬೋರ್ಡನ್ನು ಕಟ್ಟಿಗೆಯಲ್ಲಿ ಕೆತ್ತಿಸಿ ತರಿಸಿಕೊಂಡಿದ್ದ. ಕಳ್ಳ ಒಂದೊಂದು ಗುಂಡಿಯನ್ನೂ ಬಿಡದೆ ಕೆತ್ತಿ ಪಾರ್ಸಲ್ ಮಾಡಿದ. ದುಡ್ಡು ಮಾತ್ರ ಬರಲಿಲ್ಲ. ಕಟ್ಟಿಗೆಯ ಹಣ್ಣು, ಕಾಯಿಪಲ್ಲೆ ಮಾಡಿ ನೊಣವನ್ನೂ ಮೋಸಗೊಳಿಸುವ ಕುಶಲಕರ್ಮಿಗಳ ಊರಾದ ಗೋಕಾಕಕ್ಕೆ ಈ ಸುದ್ದಿ ಅಂದೇ ಮುಟ್ಟಿದ್ದರೆ ಕನಿಷ್ಠ ಕೆಲಸ ಹೇಗಿದೆ ಎಂದಾದರೂ ಯಾರೋ ನೋಡಿ ಹೇಳುತ್ತಿದ್ದರು.

2024ರ ನವೆಂಬರ್‌ನಲ್ಲಿ ಅದೇ ಬ್ರಿಟನ್ನಿನ ಓ2 ಎಂಬ ಫೋನ್ ಕಂಪನಿ ‘ಡೇಸಿ’ ಎಂಬ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನು ಹುಟ್ಟಿಸಿತು. ಕಳ್ಳರು ಕರೆ ಮಾಡಿದರೆ ಅವಳು ಹೆಣಿಗೆಯ ವಿಚಾರ, ಬೆಕ್ಕಿನ ವಿಚಾರ ತೆಗೆದು ನಲವತ್ತು ನಿಮಿಷ ಹಿಡಿದಿಡುತ್ತಾಳೆಂದು ಕಂಪನಿ ಬೀಗಿತು. ನಲವತ್ತು ನಿಮಿಷ! ಗೋಕಾಕದ ಯಾವ ಓಣಿಯ ಅಜ್ಜಿಗಾದರೂ ಅಷ್ಟು ಹೊತ್ತು ‘ನೀ ಯಾರ ಪೈಕಿ’ ಎಂದು ಕೇಳುವುದಕ್ಕೇ ಬೇಕು. ನಾವು ಕೃತಕ ಅಜ್ಜಿಗೆ ಬಂಡವಾಳ ಹಾಕುವ ಅಗತ್ಯವಿಲ್ಲ, ನಿಸರ್ಗವೇ ಧಾರಾಳವಾಗಿ ಒದಗಿಸಿದೆ. ನಮ್ಮ ಸಂಘದ ಗೋಕಾಕ ಶಾಖೆಯಲ್ಲಿ ಕರೆ ಹೀಗೆ ನಡೆಯಬೇಕೆಂಬುದು ನನ್ನ ಕಲ್ಪನೆ:

“ಹಲೋ, ಮೈ ಸಿಬಿಐ ಸೇ ಬಾತ್ ಕರ್ ರಹಾ ಹೂಂ.”

“ಯಾರು, ಶಿವಬಾಯಿನಾ? ಕಲ್ಲೋಳಿ ಶಿವಬಾಯಿನೋ, ಅಂಕಲಗಿಯಾಕಿನೋ? ದನಿ ಗಂಡಸರಂಗ ಕೇಳತೈತಲ್ಲವಾ, ನೆಗಡಿ ಆಗೈತೇನ?”

“ಅಮ್ಮಾ, ನಾನು ಆಫೀಸರ್. ನಿಮ್ಮ ಹೆಸರಿನ ಪಾರ್ಸಲ್ ಮುಂಬೈನಲ್ಲಿ ಸಿಕ್ಕಿದೆ. ಒಳಗೆ ನಶೆ ಪದಾರ್ಥ ಇದೆ.”

“ಕಂದ ಬಣ್ಣದ್ದೇನ? ಕಡದರ ಹಲ್ಲಿಗೆ ಹತಗೊಂತೈತೇನ? ಅದು ಕರದಂಟಪಾ. ಸೊಸಿ ಬಾಣಂತಿ ಅದಾಳಂತ ಕಳಿಸೇನಿ. ಅಂಟ, ಖಾರಿಕ, ಕೊಬ್ರಿ, ಬೆಲ್ಲ, ಮತ್ತೇನೂ ಇಲ್ಲ. ಒಂದ ತುಂಡ ನೀನೂ ತಿನ್ನು, ಸೊಂಟಕ್ಕ ಚಲೋ.”

“ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ. ರೂಮಿನಿಂದ ಹೊರಗೆ ಹೋಗುವ ಹಾಗಿಲ್ಲ!”

“ಮೊಣಕಾಲ ಹಿಡದ ಮೂರ ವರ್ಷಾತು, ನಾ ಎಲ್ಲಿ ಹೊರಗ ಹೋಗಲೋ ತಮ್ಮಾ. ನೀ ಹಂಗ ಫೋನ್ ಹಿಡಕೊಂಡ ಕುಂಡ್ರು. ಮನ್ಯಾಗ ಯಾರೂ ನನ್ನ ಮಾತಾಡ್ಸಂಗಿಲ್ಲ.”

“ಓಟಿಪಿ ಹೇಳಿ, ಓಟಿಪಿ!”

“ಓಟಾ? ಓಟಿಗೆ ಎಷ್ಟ ಕೊಡತಿ, ಅದನ್ನ ಮೊದಲ ಹೇಳು. ಹ್ವಾದ ಸಲದವರು ಸೀರಿನೂ ಕೊಟ್ಟಿದ್ರು.”

ಇಷ್ಟಾದ ಮೇಲೂ ಫೋನ್ ಇಡದ ಕಳ್ಳನಿಗೆ ಸಂಘದ ವತಿಯಿಂದ ಶಾಲು ಹೊದಿಸಬಹುದು.

ಹುಕ್ಕೇರಿ ಶಾಖೆಗೆ ಬೇರೆಯದೇ ಒಂದು ಅನುಕೂಲವಿದೆ. ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟ್ ಕಡಿತ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶ ದೇಶಕ್ಕೆಲ್ಲ ಬಂದು ಹೋಗಿದೆ. ದೂರದ ಯಾವುದೋ ಕೋಣೆಯಲ್ಲಿ ಕೂತು ನಕಾಶೆ ನೋಡಿ ‘ಹೆಸ್ಕಾಂನಿಂದ ಮಾತಾಡುತ್ತಿದ್ದೇವೆ’ ಎನ್ನುವ ಕಳ್ಳನಿಗೆ, ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ಕರೆಂಟ್ ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಎಂಬುದು ಹೇಗೆ ಗೊತ್ತಾಗಬೇಕು? ರಾಜ್ಯದಲ್ಲಿ ಹೀಗೆ ಉಳಿದುಕೊಂಡಿರುವುದು ಇದೊಂದೇ. ಆದ್ದರಿಂದ ಹುಕ್ಕೇರಿಯವರು ಅವನನ್ನು ಬೈಯಬಾರದು, ವಿಚಾರಿಸಬೇಕು: ‘ನೀವು ಕತ್ತಿಯವರ ಪ್ಯಾನಲ್ಲಿನವರೋ, ಜಾರಕಿಹೊಳಿಯವರ ಪ್ಯಾನಲ್ಲಿನವರೋ?’ 2025ರ ಸೆಪ್ಟೆಂಬರ್‌ನಲ್ಲಿ ಆ ಸಂಘಕ್ಕೆ ನಡೆದ ಚುನಾವಣೆಯ ಕಾವನ್ನು ತಂತಿಗೆ ಹರಿಸಿದ್ದರೆ ತಾಲೂಕಿಗೆಲ್ಲ ಬೆಳಕು ಸಿಗುತ್ತಿತ್ತು. ಆ ಪ್ರಶ್ನೆಗೆ ತಪ್ಪಿಲ್ಲದ ಉತ್ತರ ಕೊಡುವುದು ಊರಿನವರಿಗೇ ಕಷ್ಟ, ಕಳ್ಳನ ಪಾಡೇನು. ಗೋಕಾಕದವರಿಗೂ ಕರೆಂಟಿನ ಬೆದರಿಕೆ ನಾಟುವುದಿಲ್ಲ ಬಿಡಿ. 1887ರಲ್ಲೇ ಘಟಪ್ರಭೆಯ ಜಲಪಾತದಿಂದ ವಿದ್ಯುತ್ ತೆಗೆದೆವೆಂದು ಹೇಳಿಕೊಳ್ಳುವ ಜಾಗ ಅದು.

ಮೂಡಲಗಿ ಶಾಖೆಯನ್ನು ಕಬ್ಬು ಬೆಳೆಗಾರರ ಕೈಗೆ ಕೊಡತಕ್ಕದ್ದು. ಕಾಯುವುದರಲ್ಲಿ, ಕಾಯಿಸುವುದರಲ್ಲಿ ಅವರಿಗೆ ಸಮಾನರಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹೆದ್ದಾರಿಯ ಮೇಲೆ ವಾರಕ್ಕೂ ಹೆಚ್ಚು ಕಾಲ ಕೂತು, ಟನ್ನಿಗೆ 3,500 ರೂಪಾಯಿ ಕೇಳಿ, ಮುಖ್ಯಮಂತ್ರಿಯನ್ನೇ ಸಭೆಗೆ ಎಳೆದು, 3,300ಕ್ಕೆ ಒಪ್ಪಿ ಎದ್ದವರು. ಅಂಥವರಿಗೆ ‘ಷೇರು ಮಾರುಕಟ್ಟೆಯಲ್ಲಿ ಹಾಕಿ, ತಿಂಗಳಲ್ಲಿ ಎರಡು ಪಟ್ಟು’ ಎಂದು ಕರೆ ಬಂದರೆ ಉತ್ತರ ತಯಾರಿದೆ: “ಕೊಡತೇನ್ರಿ ಸಾಹೇಬ್ರ, ಎರಡ ಲಕ್ಷ ಕೊಡತೇನಿ. ಕಬ್ಬಿನ ಬಿಲ್ ಒಂದ ಬರಲಿ. ಎಲ್ಲಿ, ಫ್ಯಾಕ್ಟರಿಯವ್ರಿಗೆ ನೀವಾ ಒಂದ ಫೋನ್ ಮಾಡ್ರಲಾ, ನಾವ್ ಮಾಡಿದ್ರ ಎತ್ತಂಗಿಲ್ಲ.” ಕಳ್ಳರಿಗೂ ಕಾರ್ಖಾನೆಗೂ ನೇರ ಸಂಪರ್ಕ ಕಲ್ಪಿಸಿ ರೈತ ಪಕ್ಕಕ್ಕೆ ಸರಿದು ಕೂತರೆ, ಯಾರು ಯಾರಿಂದ ವಸೂಲಿ ಮಾಡುತ್ತಾರೆ ಎಂಬ ಕುತೂಹಲ ನನಗಂತೂ ಇದೆ.

ಇದಕ್ಕಿಂತ ದೊಡ್ಡ ಅಸ್ತ್ರ ಇನ್ನೊಂದಿದೆ. ಅದನ್ನು ನಮ್ಮ ಮೇಲೆ ಪ್ರಯೋಗಿಸಿ ಕಲಿಸಿದವರಿಗೆ ಕೃತಜ್ಞತೆ ಹೇಳಲೇಬೇಕು. ಒಂದು ಕಾಲದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕಾಗಿ ಊರೂರಿನ ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವು. ದೆವ್ವ ಹೋಯಿತು. ಬರಹ ಮಾತ್ರ ಹಾರಿ ಹೋಗಿ ಕಚೇರಿಗಳ ಕಿಟಕಿಗೆ ಅಂಟಿಕೊಂಡಿತು. ಸೋಮವಾರ ಸರ್ವರ್ ಡೌನ್, ಮಂಗಳವಾರ ಸಾಹೇಬರು ಮೀಟಿಂಗಿನಲ್ಲಿ, ಬುಧವಾರ ಸಹಿ ಮಾಡುವವರು ರಜೆ, ಗುರುವಾರ ‘ಆ ಝರಾಕ್ಸ್ ನಡೆಯುವುದಿಲ್ಲ, ಕಲರ್ ಬೇಕು’. ಈ ಪಾಠವನ್ನು ಕಳ್ಳನಿಗೆ ಒಪ್ಪಿಸುವುದಷ್ಟೇ ಬಾಕಿ. ಐವತ್ತು ಸಾವಿರ ಬೇಕೇ? ಆಗಲಿ. ನಿನ್ನ ಹೆಸರಿನ ಉತಾರ ತೆಗೆಸಿಕೊಂಡು ಬಾ. ಪಿಕೆಪಿಎಸ್ ಎಂಬ ಕೃಷಿ ಪತ್ತಿನ ಸಂಘದಿಂದ ಬೇಬಾಕಿ ಪತ್ರ ತಾ. ಎರಡು ಫೋಟೋ, ಆಧಾರಿಗೆ ಪ್ಯಾನ್ ಜೋಡಿಸಿದ ರಸೀದಿ, ರೇಷನ್ ಕಾರ್ಡಿಗೆ ಮನೆಮಂದಿಯೆಲ್ಲರ ಹೆಬ್ಬೆಟ್ಟು. ಹೆಬ್ಬೆಟ್ಟು ಸವೆದಿದೆಯೇ? ಹಾಗಾದರೆ ಆಧಾರ್ ತಿದ್ದುಪಡಿ ಮಾಡಿಸು. ಎಲ್ಲ ತಂದ ಮೇಲೆ, ‘ಈ ಅರ್ಜಿ ಹಳೆಯ ನಮೂನೆಯದು’ ಎಂದರೆ ಸಾಕು. ಅಂತಾರಾಷ್ಟ್ರೀಯ ಮಟ್ಟದ ವಂಚಕನೂ ಅಂದು ರಾತ್ರಿ ತಾಯಿಯನ್ನು ನೆನೆಸಿಕೊಂಡು ಅಳುತ್ತಾನೆ.

ತಮಾಷೆ ಇಷ್ಟಕ್ಕೇ ನಿಲ್ಲಬೇಕಿಲ್ಲ ಎಂದು ಕಾನ್ಪುರದ ಒಬ್ಬಾತ ತೋರಿಸಿಕೊಟ್ಟ. 2025ರ ಮಾರ್ಚ್‌ನಲ್ಲಿ ಸಿಬಿಐ ವೇಷದ ಕಳ್ಳ ಅವನಿಗೆ ಫೋನ್ ಮಾಡಿ, ಅಶ್ಲೀಲ ವಿಡಿಯೋ ಇದೆ, ಕೇಸ್ ಮುಚ್ಚಲು ದುಡ್ಡು ಕೊಡು ಎಂದ. ಈತ ಗಾಬರಿಯ ನಾಟಕ ಹೂಡಿ, ‘ಬಂಗಾರದ ಚೈನು ಅಡವಿಟ್ಟಿದ್ದೇನೆ, ಬಿಡಿಸಲು ಸ್ವಲ್ಪ ಕೊಟ್ಟರೆ ಮಾರಿ ನಿಮಗೆ ಕೊಡುತ್ತೇನೆ’ ಎಂದು ಕಂತಿನಲ್ಲಿ ಅವನಿಂದಲೇ 10,000 ರೂಪಾಯಿ ಕಿತ್ತ. ಕೊನೆಗೆ ಕಳ್ಳನೇ ಹಣ ವಾಪಸ್ ಕೊಡೆಂದು ಗೋಗರೆದನಂತೆ. ಈತ ಪೊಲೀಸರಿಗೆ ದೂರು ಕೊಟ್ಟ. ನಕ್ಕು ನಕ್ಕು ಸುಸ್ತಾದ ಮೇಲೆ ಸಂಘದ ಕಾನೂನು ಸಲಹೆಗಾರನಾಗಿ ಒಂದು ಮಾತು: ಸುಳ್ಳು ಹೇಳಿ ಕಳ್ಳನಿಂದ ದುಡ್ಡು ಕಿತ್ತರೂ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ‘ಕಳ್ಳನಿಗೆ ವಿನಾಯಿತಿ’ ಎಂದು ಬರೆದಿಲ್ಲ. ಹರಟೆಗೆ ತೆರಿಗೆಯಿಲ್ಲ, ಅದರಲ್ಲೇ ಇರೋಣ.

ಹರಟೆ ಎಷ್ಟು ಉಪಯೋಗಕ್ಕೆ ಬಂದೀತು ಎನ್ನುವವರು ಪಕ್ಕದ ವಿಜಯಪುರವನ್ನು ನೋಡಬೇಕು. ಸಮವಸ್ತ್ರ ತೊಟ್ಟು ವಿಡಿಯೋ ಕರೆಯಲ್ಲಿ ಬಂದ ನಕಲಿ ಪೊಲೀಸನ ಆಟವನ್ನು ಅಲ್ಲಿನ ಒಬ್ಬ ಯುವಕ ಪೂರ್ತಿ ರೆಕಾರ್ಡ್ ಮಾಡಿಕೊಂಡ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅದನ್ನೇ ಹಾಕಿ ದೇಶಕ್ಕೆಲ್ಲ ಕೇಳಿಸಿ, ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ ಎಂದರು. ಎಷ್ಟೋ ಜಾಹೀರಾತು ಮಾಡಲಾಗದ ಕೆಲಸವನ್ನು ಒಂದು ಮೊಬೈಲಿನ ಕೆಂಪು ಗುಂಡಿ ಮಾಡಿತು. ಜಾಹೀರಾತಿನ ಕಥೆಯಂತೂ ಗೊತ್ತೇ ಇದೆ. ಯಾರಿಗೆ ಫೋನ್ ಹಚ್ಚಿದರೂ ಮೊದಲು ಅಮಿತಾಭ್ ಬಚ್ಚನ್ ಬಂದು ಸೈಬರ್ ವಂಚಕರ ಬಗ್ಗೆ ಎಚ್ಚರಿಸುತ್ತಿದ್ದರು. ಆಂಬ್ಯುಲೆನ್ಸಿಗೆ ಫೋನ್ ಮಾಡುವವನೂ ಅವರ ಮಾತು ಮುಗಿಯುವವರೆಗೆ ಬದುಕಿರಬೇಕಿತ್ತು. ಜನ ಬೈದು ಬೈದು 2025ರ ಜೂನ್‌ನಲ್ಲಿ ಅದು ನಿಂತಿತು. ನಮ್ಮನ್ನು ಸತಾಯಿಸುವುದರಲ್ಲಿ ಎಚ್ಚರಿಸುವವರೂ ಹಿಂದೆ ಬಿದ್ದಿರಲಿಲ್ಲ.

ಆದರೆ ಎಲ್ಲ ಕರೆಗಳೂ ನಗುವಿನಲ್ಲಿ ಮುಗಿಯುವುದಿಲ್ಲ. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿಯಲ್ಲಿ, 2025ರ ಮಾರ್ಚ್‌ನಲ್ಲಿ, ವಯಸ್ಸಾದ ಗಂಡ ಹೆಂಡತಿ 50 ಲಕ್ಷಕ್ಕೂ ಹೆಚ್ಚು ಹಣವನ್ನು ಇಂಥದೇ ಕರೆಗೆ ಸುರಿದು, ಇನ್ನೂ ಬೇಕೆಂಬ ಪೀಡನೆ ತಾಳದೆ ಜೀವ ಕಳೆದುಕೊಂಡರು. ಅವರಿಗೆ ಬುದ್ಧಿ ಇರಲಿಲ್ಲವೇ ಎಂದು ಕಟ್ಟೆಯ ಮೇಲೆ ಕೂತು ಕೇಳುವವರಿದ್ದಾರೆ. ಹಾಗೆ ಕೇಳುವವರಿಗೆ ನನ್ನದೂ ಒಂದು ಪ್ರಶ್ನೆ. ಗದರಿಸುವ ದನಿ, ಅರ್ಥವಾಗದ ಕಲಮು, ‘ಯಾರಿಗೂ ಹೇಳಬೇಡ’, ‘ಈಗಲೇ ಮಾಡದಿದ್ದರೆ ಖಾತೆ ಬಂದ್’: ಈ ಮಾತುಗಳನ್ನು ಕಳ್ಳ ಎಲ್ಲಿಂದ ಕಲಿತ? ಬ್ಯಾಂಕಿನ ಕೌಂಟರಿನಲ್ಲಿ ಕೆವೈಸಿಗೆಂದು ನಿಂತ ಮುದುಕನನ್ನು ತಲೆ ಎತ್ತದೆ ಗದರಿಸುವಾಗ, ಠಾಣೆಯಲ್ಲಿ ಕುರ್ಚಿ ಖಾಲಿಯಿದ್ದರೂ ದೂರುದಾರನನ್ನು ನಿಲ್ಲಿಸಿ ಮಾತಾಡುವಾಗ, ಕಳ್ಳನ ಅರ್ಧ ಕೆಲಸ ಪುಕ್ಕಟೆಯಾಗಿ ಮುಗಿದಿರುತ್ತದೆ. ಹೆದರಿ ಅಭ್ಯಾಸವಾದವರ ಮುಂದೆ ಅವನು ಖಾಕಿ ಅಂಗಿ ತೊಟ್ಟು ಕೂತರೆ ಸಾಕು. ನಕಲಿ ಸಾಹೇಬನನ್ನು ಗುರುತಿಸಿ ಎಂದು ನಮಗೆ ಉಪದೇಶಿಸುವ ಅಸಲಿ ಸಾಹೇಬರು, ತಾವು ಸ್ವಲ್ಪ ಬೇರೆ ದನಿಯಲ್ಲಿ ಮಾತಾಡಿದ್ದರೆ ಗುರುತಿಸುವುದು ಎಷ್ಟು ಸುಲಭವಾಗುತ್ತಿತ್ತು! 2024ರಲ್ಲಿ ಸೈಬರ್ ವಂಚಕರು ದೇಶದಿಂದ ದೋಚಿದ್ದು 22,845 ಕೋಟಿ ರೂಪಾಯಿ ಎಂದು ಸಂಸತ್ತಿಗೇ ತಿಳಿಸಲಾಗಿದೆ. ಅದರಲ್ಲಿ ಎಷ್ಟು ಕೋಟಿ ದುರಾಸೆಯ ಬಾಬತ್ತು, ಎಷ್ಟು ಕೋಟಿ ಹೆದರಿಕೆಯ ಬಾಬತ್ತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಕಳ್ಳರೆಲ್ಲ ಸೈಬರ್ ವಂಚನೆಗೆ ಹೆಸರಾದ ದೂರದ ಜಾಮತಾರಾದವರು, ನಾವೆಲ್ಲ ಮುಗ್ಧರು ಎಂಬ ಸಮಾಧಾನವೂ ಉಳಿದಿಲ್ಲ. 2022ರ ಆಗಸ್ಟ್ 7ರಂದು ಕೆಪಿಟಿಸಿಎಲ್ ಕಿರಿಯ ಸಹಾಯಕರ ಪರೀಕ್ಷೆಯಲ್ಲಿ ಗೋಕಾಕದ ಕೇಂದ್ರವೊಂದರಲ್ಲಿ ಸ್ಮಾರ್ಟ್‌ವಾಚ್ ಬಳಸಿ ನಡೆದ ಅಕ್ರಮ ಎಲ್ಲರಿಗೂ ನೆನಪಿದೆ. ತಂತ್ರಜ್ಞಾನದಲ್ಲಿ ನಾವು ಹಿಂದುಳಿದವರೆಂದು ಅಂದು ಯಾರೂ ಅನ್ನಲಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಜಮ್ ನಗರದಲ್ಲೇ ಅಮೆರಿಕದವರಿಗೆ ಟೋಪಿ ಹಾಕುತ್ತಿದ್ದ ಕಾಲ್ ಸೆಂಟರ್ ಸಿಕ್ಕಿಬಿದ್ದು 33 ಜನರ ಬಂಧನವಾಯಿತು. ಅಂದರೆ ಕುಂದಾ ತಿಂದು ಚಹಾ ಕುಡಿದು ಅಮೆರಿಕದ ಅಜ್ಜಿಗೆ ಫೋನ್ ಹಚ್ಚುತ್ತಿದ್ದವರು ನಮ್ಮ ನೆರೆಯಲ್ಲೇ ಇದ್ದರು. ಆ ಅಜ್ಜಿಯರಿಗೆ ‘ನೀ ಯಾರ ಪೈಕಿ’ ಎಂದು ಕೇಳಲು ಬರುತ್ತಿರಲಿಲ್ಲ, ಅಷ್ಟೇ.

ಅತ್ತ ತುದಿಯಲ್ಲಿ ಕೂತವನೆಲ್ಲ ಕಳ್ಳನೇ ಎನ್ನುವಂತೆಯೂ ಇಲ್ಲ. ಒಳ್ಳೆಯ ನೌಕರಿ ಎಂದು ನಂಬಿ ಹೋಗಿ ಮ್ಯಾನ್ಮಾರ್ ಗಡಿಯ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಆದ್ದರಿಂದ ಸಂಘದ ಉಪವಿಧಿಯಲ್ಲಿ ತಾಯಿ ತಂದೆಯ ಬೈಗುಳ ನಿಷಿದ್ಧ ಎಂದು ಸೇರಿಸಿದ್ದೇನೆ. ‘ಊಟ ಆತೇನಪಾ’ ಎಂಬ ಪ್ರಶ್ನೆ ಕಡ್ಡಾಯ. ಕಳ್ಳನಾದರೆ ತಬ್ಬಿಬ್ಬಾಗುತ್ತಾನೆ, ಸೆರೆಯಾಳಾದರೆ ಅಷ್ಟು ಕೇಳಿದವರು ಬಹುಶಃ ನೀವೇ ಮೊದಲಿಗರು. ಇನ್ನು ದುಡ್ಡು ಆಗಲೇ ಹೋಗಿದ್ದರೆ ಹರಟೆ ಬಿಟ್ಟು 1930ಕ್ಕೆ ಹಚ್ಚಬೇಕು. ಮೊದಲ ತಾಸಿನಲ್ಲಿ ಹಚ್ಚಿದರೆ ಹಣ ಬಾಡಿಗೆ ಖಾತೆಗಳ ಸಾಲು ದಾಟುವ ಮೊದಲು ಹಿಡಿಯುವ ಸಾಧ್ಯತೆ ಉಂಟು. ಆ ಬಾಡಿಗೆ ಖಾತೆ ಕೊಟ್ಟವನು ನಿಮ್ಮದೇ ಕಾಲೇಜಿನ ಹುಡುಗನಾಗಿರುವ ಸಾಧ್ಯತೆಯೂ ಉಂಟು.

ಸಂಘದ ಕೆಲಸ ಚುರುಕಾಗಿಯೇ ಸಾಗಿದೆ. ಅಧ್ಯಕ್ಷ ಸ್ಥಾನ ಗೋಕಾಕಕ್ಕೋ ಹುಕ್ಕೇರಿಗೋ ಎಂಬ ವಿಚಾರದಲ್ಲಿ ಎರಡು ಪ್ಯಾನಲ್ ಆಗಿವೆ. ಉಪಾಧ್ಯಕ್ಷ ಸ್ಥಾನವಾದರೂ ಬೇಕೆಂದು ಮೂಡಲಗಿಯವರು ರಸ್ತೆಯಲ್ಲಿ ಕೂತಿದ್ದಾರೆ. ಇನ್ನೂ ನೋಂದಣಿಯಾಗದ ಈ ಸಂಘಕ್ಕೆ ಷೇರು ಹಣ ತುಂಬಿರೆಂದು ನಿನ್ನೆ ಯಾರೋ ವಾಟ್ಸಾಪ್ ಗುಂಪಿನಲ್ಲಿ ಕ್ಯೂಆರ್ ಕೋಡ್ ಹಾಕಿದ್ದಾರೆ. ನಂಬರ್ ನಮ್ಮ ಮೂರೂ ತಾಲೂಕಿನ ಯಾರದೂ ಅಲ್ಲ. ಹನ್ನೊಂದು ಜನ ಆಗಲೇ ತುಂಬಿ, ಕೆಳಗೆ ಕೈಮುಗಿಯುವ ಚಿತ್ರ ಹಾಕಿದ್ದಾರೆ.