ಸೊಳ್ಳೆ ಪರದೆಗಾ, ವೇಲಿಗಾ?

ಮದುಮಗಳ ವೇಲಿಗೆ ಬಳಸುವ ನೆಟ್ ಬಟ್ಟೆಗೆ ಒಂದು ದೊಡ್ಡ ಗುಣವಿದೆ. ಕತ್ತರಿಸಿದರೆ ಅಂಚಿನಲ್ಲಿ ನೂಲು ಬಿಡುವುದಿಲ್ಲ. ಕಣ್ಣು ಕಣ್ಣಾಗಿ ಹೆಣೆದ ಬಟ್ಟೆಯಾದ್ದರಿಂದ ಮಡಚಿ ಹೊಲಿಯುವ ಕೆಲಸವೇ ಇಲ್ಲ. ನನ್ನಂಥ ಅರೆಬೆಂದ ದರ್ಜಿಗಳನ್ನು ಹಾಳು ಮಾಡುವುದು ಇಂಥ ಮಾಹಿತಿಗಳೇ. ಬೊಟಿಕ್‌ನಲ್ಲಿ ಮಗಳ ವೇಲಿಗೆ ಹೇಳಿದ ಬೆಲೆ ಕೇಳಿ ಬಂದ ರಾತ್ರಿ, "ಕತ್ತರಿಸಿ ಬಾಚಣಿಗೆಗೆ ಹೊಲಿದರಾಯ್ತಲ್ಲ, ನಾನೇ ಮಾಡ್ತೇನೆ" ಎಂದು ಊಟದ ಮೇಜಿನಲ್ಲಿ ಘೋಷಿಸಿಬಿಟ್ಟೆ. ಮಗಳು ದುಬೈಯಲ್ಲಿದ್ದಳು, ತಡೆಯಲು ಆಗಲಿಲ್ಲ. ಇವರು ತಡೆಯಬಹುದಿತ್ತು. ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿದ್ದರು.

ಮಂಗಳೂರಿನ ಬಟ್ಟೆ ಅಂಗಡಿಯ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಸೊಳ್ಳೆ ಪರದೆಗಾ ಆಂಟಿ?" ನಾನು ಉತ್ತರಿಸಲಿಲ್ಲ. ಮುಖ ನೋಡಿ ಅವನೇ ಇನ್ನೊಂದು ತಾನು ಬಿಚ್ಚಿದ.

ಮನೆಗೆ ಬಂದು ವೇಲಿನ ಬಗ್ಗೆ ಓದಲು ಕೂತೆ. 1840ರಲ್ಲಿ ಮದುವೆಯಾದ ವಿಕ್ಟೋರಿಯಾ ರಾಣಿ ಹಾನಿಟನ್ ಲೇಸಿನ ತನ್ನ ವೇಲನ್ನು ಎಷ್ಟು ಜೋಪಾನ ಮಾಡಿದ್ದಳೆಂದರೆ, 1901ರಲ್ಲಿ ಅವಳನ್ನು ಮಣ್ಣು ಮಾಡುವಾಗಲೂ ಅದೇ ಇತ್ತಂತೆ. ನನ್ನದು ಇಗರ್ಜಿಯ ಬಲಿಪೂಜೆ ಮುಗಿಯುವ ತನಕ ನಿಂತರೆ ಸಾಕು. ಆಮೇಲೆ ಹೇಗೂ ಮಗಳು ಗಂಡಿನ ಕಡೆಯವರು ಕೊಡುವ ಕೆಂಪು ಸೀರೆ, ಸಾಡೊ, ಉಡುತ್ತಾಳೆ. 2018ರಲ್ಲಿ ಮೇಘನ್ ಮಾರ್ಕಲ್ ತೊಟ್ಟ ವೇಲ್ ಐದು ಮೀಟರ್. ಅದರಲ್ಲಿ ಕಾಮನ್‌ವೆಲ್ತಿನ 53 ದೇಶಗಳ ಹೂಗಿಡಗಳ ಕಸೂತಿ, ನಮ್ಮ ಕಮಲವೂ ಸೇರಿ. ಕಸೂತಿಯವರು ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರಂತೆ.

ಕಸೂತಿ ನನ್ನಿಂದಾಗದು, ಕೈ ತೊಳೆಯುವುದು ಆಗುತ್ತದೆ. ಕಾನೂನು ತಂದೇಬಿಟ್ಟೆ. ಸೋಫಾ ಜಗಲಿಗೆ ಹೋಯಿತು, ಹಾಲಿನ ನೆಲಕ್ಕೆ ಬಿಳಿ ಬೆಡ್‌ಶೀಟ್ ಬಂತು, ಸೋಪು ಹಾಕದ ಕೈಗೆ ಒಳಗೆ ಪ್ರವೇಶವಿಲ್ಲ.

"ಪೇಪರ್ ಓದೋದಕ್ಕೂ ಕೈ ತೊಳೀಬೇಕಾ?" ಇವರು.

"ಓದಿದ ಮೇಲೂ ತೊಳೀಬೇಕು. ಶಾಯಿ."

ಹೊಗೆಯ ವಾಸನೆ ನೆಟ್ಟಿಗೆ ಹಿಡಿಯುತ್ತದೆಂದು ಮೀನು ಕಾಯಿಸುವುದನ್ನೂ ನಿಲ್ಲಿಸಿದಾಗ ಅತ್ತೆಯವರ ಸಹನೆ ಮುಗಿಯಿತು. "ತಪಸ್ಸುಕಾಲದಲ್ಲೂ ಮೀನಿಗೆ ಅಡ್ಡಿಯಿಲ್ಲ, ನಿನ್ನ ವೇಲಿಗೆ ಇದೆಯಾ?" ದೇವಶಾಸ್ತ್ರದ ಪ್ರಕಾರ ಅವರ ಮಾತೇ ಸರಿ.

ಕತ್ತರಿಸುವುದು ಸುಲಭವೆಂದಿದ್ದೆನಲ್ಲ? ಎರಡಾಗಿ ಮಡಚಿ ಗುಂಡುಪಿನ್ನು ಚುಚ್ಚಿದರೆ, ಪಿನ್ನು ಕಣ್ಣಿನಿಂದ ಜಾರಿ ಬೆಡ್‌ಶೀಟ್ ಸೇರುತ್ತದೆ, ಅಲ್ಲಿಂದ ನನ್ನ ಮಂಡಿ ಸೇರುತ್ತದೆ. ಫ್ಯಾನ್ ಹಾಕಿದರೆ ಮೂರು ಮೀಟರ್ ನೆಟ್ಟು ದೇವದೂತನಂತೆ ಎದ್ದು ನಿಲ್ಲುತ್ತದೆ. ಹಾಕದಿದ್ದರೆ ಮಂಗಳೂರಿನ ಏಪ್ರಿಲ್‌ನಲ್ಲಿ ಬೆವರು ತೊಟ್ಟಿಕ್ಕುತ್ತದೆ. ಮೆಷಿನ್ನಿಗೆ ಕೊಟ್ಟರೆ ಅದು ಸೂಜಿಯ ಜೊತೆ ನೆಟ್ಟನ್ನೂ ತೂತಿನೊಳಗೆ ಎಳೆದುಕೊಂಡು ಜಗಿಯಿತು. ಅಡಿಗೆ ಬಟರ್ ಪೇಪರ್ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಬೇಕು. ಇಸ್ತ್ರಿ ಬಿಸಿಯಾದರೆ ನೈಲಾನ್ ಕರಗುತ್ತದೆ. ಹಾಗಾಗಿ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆಯಲ್ಲಿ ನೇತುಹಾಕಿದೆ. ಇವರು ಸ್ನಾನಕ್ಕೆ ಪಕ್ಕದ ಮನೆಗೆ ಹೋದರು. ಪಕ್ಕದ ಮನೆಯಲ್ಲಿ ಮೀನೂ ಇತ್ತು.

ಕೊನೆಗೆ ಮೇಲಂಚಿಗೆ ಎರಡೆಳೆ ದಾರದ ಉದ್ದ ಹೊಲಿಗೆ ಹಾಕಿ, ಎಳೆದು ನೆರಿಗೆ ಮಾಡಿ, ಬಾಚಣಿಗೆಯ ಹಲ್ಲು ಹಲ್ಲಿಗೂ ಸುತ್ತಿ ಬಿಗಿದೆ. ಚಂದವೇ ಬಂತು, ಹೇಳಬಾರದು. ಆದರೆ ಯಾರ ತಲೆಗೆ ಇಟ್ಟು ನೋಡುವುದು? ಇವರು ಒಪ್ಪಿದರು, ಬಾಚಣಿಗೆ ಒಪ್ಪಲಿಲ್ಲ. ಅದಕ್ಕೆ ಕಚ್ಚಿಕೊಳ್ಳಲು ಕೂದಲು ಬೇಕು. ಮನೆಯಲ್ಲಿ ಉಳಿದ ಒಂದೇ ತುರುಬು ಅತ್ತೆಯವರದು. ಸೀರಿಯಲ್ ನೋಡುತ್ತಾ ಕೂತಿದ್ದ ಅವರ ತುರುಬಿಗೆ ಮೆಲ್ಲಗೆ ಸಿಕ್ಕಿಸಿ, ನೆಟ್ಟನ್ನು ಮುಖದ ಮೇಲೆ ಇಳಿಬಿಟ್ಟು, ಮಗಳಿಗೆ ವಿಡಿಯೋ ಕಾಲ್ ಮಾಡಿದೆ.

ಮಗಳು ಬಹಳ ಹೊತ್ತು ನೋಡಿದಳು. "ಮಮ್ಮಿ, ಅಜ್ಜಿಗೆ ಯಾರ ಜೊತೆ ಫಿಕ್ಸ್ ಆಯ್ತು?"

ಅತ್ತೆಯವರು ತಿರುಗಲೂ ಇಲ್ಲ. "ಕೇಬಲ್‌ನವನಿಗೆ ಫೋನ್ ಮಾಡು ಬಾಯಿ. ಟೀವಿ ಪೂರ್ತಿ ಮಬ್ಬು ಬರ್ತಾ ಇದೆ."