ಹಸಿರು ಮನೆಯ ಕೈಪಿಡಿ: ಜೋಡಣೆ, ಬಳಕೆ, ಬೈಗುಳ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಹಳೇ ಮನೆ ಕೆಡವಿ. ಈಗಾಗಲೇ ಕೆಡವಿ, ಜೆಸಿಬಿಯವನಿಗೆ ಬಾಡಿಗೆಯನ್ನೂ ಕೊಟ್ಟು ಕಳಿಸಿದ್ದರೆ ನೇರ ‘ಆರ್‌ಸಿಸಿ ಮಾದರಿ’ ಎಂಬ ಭಾಗಕ್ಕೆ ಹೋಗಿ. ನಡುವಿನದನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಹೊಟ್ಟೆಯುರಿಗೆ ತಯಾರಕರು ಹೊಣೆಯಲ್ಲ.

ಎಲ್ಲೆಲ್ಲಿ ನಡೆಯುತ್ತದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕು ಬಿಟ್ಟು ಬೇರೆಡೆ ಬಳಸಿದರೆ ಫಲಿತಾಂಶ ಹೆಚ್ಚುಕಡಿಮೆಯಾದೀತು. ಇಲ್ಲಿ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದೂ ಅದಕ್ಕೆ ಮನಸ್ಸು ಬಂದರೆ. ಬಿಸಿಲು ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ಹರಪನಹಳ್ಳಿಯವರು ಬಾಗಿಲ ಮೇಲಿನ ವಿಳಾಸವನ್ನು ಸೀಮೆಸುಣ್ಣದಲ್ಲಿ ಬರೆಸುವುದು ಒಳ್ಳೆಯದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಅಂತ ಅವರ ಮನೆ ಕೂತಲ್ಲೇ ಕೂತು ಮೂರು ಸಲ ಜಿಲ್ಲೆ ಬದಲಿಸಿದೆ.

ಪೆಟ್ಟಿಗೆಯಲ್ಲಿ ಏನೇನಿದೆ

ನಿಮ್ಮ ತಾತ ಬಿಟ್ಟುಹೋದ ಮೇಲ್ಮುದ್ದೆ ಮನೆ. ಕೆಲವರು ಮಾಳಿಗೆ ಮನೆ ಎನ್ನುತ್ತಾರೆ. ಹಸಿರು ಮನೆಗೆ ಅಂಕ ಕೊಡುವ ಸಂಸ್ಥೆಗಳು ನಮ್ಮ ದೇಶದಲ್ಲಿವೆ. ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ 2001ರಿಂದ ಇದೆ, ‘ಗ್ರಿಹ’ ಎಂಬ ಇನ್ನೊಂದು ಪದ್ಧತಿಯೂ ಇದೆ. ಹತ್ತಿರದಲ್ಲೇ ಸಿಗುವ ಸಾಮಗ್ರಿ, ಬಿಸಿಲು ತಡೆಯುವ ಗೋಡೆ, ಹಗಲು ದೀಪ ಬೇಡದ ಬೆಳಕು, ಬಳಸಿದ ನೀರಿನ ಮರುಬಳಕೆ, ಇವೆಲ್ಲ ಅವರ ಪಟ್ಟಿಯಲ್ಲಿವೆ. ತಾತನ ಮನೆಯಲ್ಲೂ ಇವೆ. ತಾತ ಅರ್ಜಿ ಹಾಕಿ ಶುಲ್ಕ ಕಟ್ಟಲಿಲ್ಲ, ಅಷ್ಟೇ ಕೊರತೆ.

ಬಿಡಿಭಾಗಗಳನ್ನು ತಲೆಯೆತ್ತಿ ನೋಡಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಅಡ್ಡ ಕಡ್ಡಿ, ಅದರ ಮೇಲೆ ಗುಡ್ಡದಿಂದ ಕೊಯ್ದು ತಂದ ಬಂದರಿಕೆ ಸೊಪ್ಪು. ಸೊಪ್ಪಿನ ಮೇಲೆ ತುಳಿದು ಹದ ಮಾಡಿದ ಕೆಸರು, ಎಲ್ಲಕ್ಕೂ ಮೇಲೆ ಒಂದು ಪದರ ಕರಲು ಮಣ್ಣು. ಹೊಲದಲ್ಲಿ ಈ ಮಣ್ಣಿದ್ದರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ; ಜೋಳವೂ ಬಾರದು, ನೀರೂ ಇಂಗದು. ಇದರಲ್ಲಿ ಸೋಡಿಯಂ ಅಂಶ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಉಬ್ಬಿ, ಬಿಡಿಬಿಡಿಯಾಗಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ತಾವೇ ಮುಚ್ಚಿಬಿಡುತ್ತವೆ. ಹೊಲ ಹಾಳುಮಾಡುವ ಆ ಗುಣವೇ ಮಾಳಿಗೆ ಸೋರದಂತೆ ಕಾಯುತ್ತದೆ. ಬೇಡವಾದ ಮಣ್ಣನ್ನು ತಲೆಯ ಮೇಲೆ ಹೊತ್ತು ಕೂರಿಸಿದವರ ಜಾಣತನಕ್ಕೆ ಯಾವ ಸಂಸ್ಥೆಯೂ ಅಂಕ ಇಟ್ಟಂತಿಲ್ಲ.

ಗೋಡೆ ಎರಡಡಿ ದಪ್ಪ. ಮಧ್ಯಾಹ್ನದ ಬಿಸಿಲು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಅಷ್ಟೊತ್ತಿಗೆ ಮನೆಮಂದಿ ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ.

ಚಾಲನೆ

ಗುಂಡಿ, ರಿಮೋಟು ಯಾವುದೂ ಇಲ್ಲ. ಮಾಳಿಗೆಯಲ್ಲಿ ಒಂದು ತೂತಿದೆ, ಅದು ಗವಾಕ್ಷಿ. ಬೆಳಕು ಒಳಗೆ ಬರುತ್ತದೆ, ಒಲೆಯ ಹೊಗೆ ಮತ್ತು ಬಿಸಿಗಾಳಿ ಹೊರಗೆ ಹೋಗುತ್ತವೆ. ಮೋಡ ಕಟ್ಟಿದ ತಕ್ಷಣ ಹುಡುಗನನ್ನು ಮೇಲೆ ಹತ್ತಿಸಿ ಗವಾಕ್ಷಿ ಮುಚ್ಚಿಸಿ. ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೆ ಅವನಿಗೆ ಫೋನು ಮಾಡಿ. ಏನೂ ಉಪಯೋಗವಾಗದಿದ್ದರೂ ಊರಲ್ಲಿ ಮಳೆ ಬಂತೆಂದು ಅವನಿಗೆ ತಿಳಿಯುತ್ತದೆ.

ಎಚ್ಚರಿಕೆ: ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿದ್ದರೆ ಮುಚ್ಚಳ ತೆಗೆದ ಕೂಡಲೇ ಇಳಿಯಬೇಡಿ. ಇದು ತಮಾಷೆಯಲ್ಲ. ಕರೆಂಟಿಲ್ಲದೆ ವರ್ಷಗಟ್ಟಲೆ ಕಾಳು ಕೆಡದಂತೆ ಇಡುವ ಈ ಉಗ್ರಾಣದಲ್ಲಿ ಕಾಳು ಉಸಿರಾಡಿ ಉಸಿರಾಡಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಹುಳು ಸಾಯುವುದು ಅದರಿಂದಲೇ, ಮನುಷ್ಯ ಸತ್ತಿರುವುದೂ ಅದರಿಂದಲೇ. ಬಾಯಿ ತೆರೆದು ಚೆನ್ನಾಗಿ ಗಾಳಿಯಾಡಲು ಬಿಡಿ, ದೀಪ ಇಳಿಬಿಟ್ಟು ನೋಡಿ, ಆರಿದರೆ ಹತ್ತಿರ ಹೋಗಬೇಡಿ.

ವಾರ್ಷಿಕ ನಿರ್ವಹಣೆ

ಹಸಿರು ಮನೆಯ ಬಣ್ಣದ ಪುಸ್ತಕಗಳಲ್ಲಿ ಈ ಪುಟ ಹರಿದಿರುತ್ತದೆ. ಇಲ್ಲಿ ಹರಿದಿಲ್ಲ.

ಮುಂಗಾರಿಗೆ ಮುಂಚೆ ಕರಲು ಮಣ್ಣನ್ನು ಗಾಡಿಯಲ್ಲಿ ತಂದು, ಬುಟ್ಟಿಯಲ್ಲಿ ಹೊತ್ತು, ಏಣಿ ಹತ್ತಿ, ಮಾಳಿಗೆಯ ಮೇಲೆ ಹರಡಬೇಕು. ಹಬ್ಬ ಬಂದರೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು. ನೆಲಕ್ಕೆ ಸಗಣಿ ಸಾರಿಸುವುದು ವಾರ ವಾರವೂ ತಪ್ಪದು. ಮಳೆಗಾಲದಲ್ಲಿ ಮಾಳಿಗೆ ತೊಟ್ಟಿಕ್ಕಿದಲ್ಲೆಲ್ಲ ಪಾತ್ರೆ ಇಡಬೇಕು, ತುಂಬಿದಾಗ ಎದ್ದು ಚೆಲ್ಲಬೇಕು, ರಾತ್ರಿ ಎರಡು ಗಂಟೆಯಾದರೂ ಸರಿ. ಜಂತಿಯ ಸಂದಿಯಿಂದ ಚೇಳು ಬಿದ್ದರೆ ಹೊಡೆಯಬೇಕು. ಈ ವಾಕ್ಯಗಳಲ್ಲಿ ಯಾರು ಅನ್ನುವುದನ್ನು ಬರೆದಿಲ್ಲ. ಬರೆಯದಿದ್ದರೂ ನಿಮಗೆ ಗೊತ್ತು. ಈ ಯಂತ್ರ ಓಡುತ್ತಿದ್ದದ್ದು ಹೆಂಗಸರ ಸೊಂಟದ ಮೇಲೆ. ಮೀಟರು ಸೊನ್ನೆ ತೋರಿಸುತ್ತಿತ್ತು, ಯಾಕೆಂದರೆ ಆ ಸೊಂಟಕ್ಕೆ ಮೀಟರು ಕೂರಿಸಿರಲಿಲ್ಲ.

ಪಟ್ಟಣದಿಂದ ಬಂದವರು ಪಡಸಾಲೆಯಲ್ಲಿ ಕೂತು ‘ಆಹಾ, ಎಷ್ಟು ತಂಪು’ ಅಂದಾಗ ಒಳಗಿನಿಂದ ಬರುವ ಉತ್ತರವನ್ನು ಕೈಪಿಡಿಯ ಭಾಗವೆಂದೇ ತಿಳಿಯಿರಿ: “ತಂಪೈತಪಾ, ಸುಳ್ಳು ಹೇಳಬಾರ್ದು. ದಿನಾ ಸಾರ್ಸಾಕ ನೀ ಬರ್ತೀಯೇನು?”

ಅದಕ್ಕೇ, ಮನೆ ಕೆಡವಿದವರನ್ನು ಈ ಕೈಪಿಡಿ ಬೈಯುವುದಿಲ್ಲ. ಕೆಡವಿದ ಮೇಲೆ ಏನು ಕಟ್ಟಿದರು ಅನ್ನುವುದಕ್ಕಷ್ಟೇ ಬೈಯುತ್ತದೆ.

ಆರ್‌ಸಿಸಿ ಮಾದರಿ

ಇದಕ್ಕೆ ಸರ್ಕಾರದ ನೆರವಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ, 2016ರಲ್ಲಿ ಶುರುವಾದಾಗ ಬಯಲುಸೀಮೆಯ ಮನೆಗೆ ಇಟ್ಟದ್ದು 1.20 ಲಕ್ಷ ರೂಪಾಯಿ. ಊರಿನ ಸಾಮಗ್ರಿ ಬಳಸಿ ಎಂದು ಅದರ ಕಾಗದಗಳಲ್ಲೂ ಹೇಳಿದೆ. ಆದರೆ ಬಿಲ್ಲು ಆಗುವುದು ಫೋಟೊ ನೋಡಿ: ತಳಪಾಯದ ಫೋಟೊ, ಲಿಂಟಲ್ ಫೋಟೊ, ಛಾವಣಿ ಫೋಟೊ. ಮಣ್ಣಿನ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಧೈರ್ಯ ಯಾರಿಗಿದೆ? ಗೌಂಡಿಯ ಹತ್ತಿರ ಮಣ್ಣಿನ ಮಾತೆತ್ತಿದರೆ ಕರಣೆ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾನೆ. “ಸ್ವಾಮೇರ, ಮಗ ಅದಾನಲ್ಲ ನಿಮ್ಗ? ಮಣ್ಣಿನ ಮನಿಗೆ ಯಾರ್ರೀ ಹೆಣ್ಣು ಕೊಡ್ತಾರ?” ಈ ಪ್ರಶ್ನೆಗೆ ಬೆಂಗಳೂರಿನ ಯಾವ ವಾಸ್ತುಶಿಲ್ಪಿಯ ಹತ್ತಿರವೂ ಉತ್ತರವಿಲ್ಲ.

ಹಾಗಾಗಿ ನಾಲ್ಕೈದು ಇಂಚಿನ ಸ್ಲ್ಯಾಬು ಬೀಳುತ್ತದೆ. ಹಗಲೆಲ್ಲ ಬಿಸಿಲು ಕುಡಿದು, ನೀವು ಮಲಗಿದ ಮೇಲೆ ಕಾದ ಹಂಚಿನ ಹಾಗೆ ಎದೆಯ ಮೇಲೆ ಬಿಸಿ ಬಿಡುತ್ತದೆ. ಫ್ಯಾನು ಆ ಬಿಸಿಯನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತದೆ. ‘ಎಲಿವೇಶನ್’ ಚೆಂದ ಕಾಣಲಿ ಎಂದು ಪಡುವಣ ಗೋಡೆಗೆ ಗಾಜು ಹಾಕಿಸಿದ್ದರೆ, ಏಪ್ರಿಲ್ ತಿಂಗಳ ಸಂಜೆ ನಾಲ್ಕಕ್ಕೆ ಆ ಕೋಣೆಯಲ್ಲಿ ಹಪ್ಪಳ ಒಣಗಿಸಬಹುದು. ಬೇರೆ ಉಪಯೋಗ ಕಂಡುಬಂದಿಲ್ಲ.

ರಿಪೇರಿ ಹೀಗೆ. ಮೊದಲು, ಬೇಸಿಗೆ ಶುರುವಾಗುವ ಮುಂಚೆ ಸ್ಲ್ಯಾಬನ್ನು ಗುಡಿಸಿ, ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ದಪ್ಪಗೆ ಬಳಿಯಿರಿ. ಬಿಳಿ ಮೈ ಬಿಸಿಲನ್ನು ವಾಪಸು ಕಳಿಸುತ್ತದೆ. ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ, ಅಗ್ಗವಾದ್ದರಿಂದಲೇ ಯಾರೂ ನಂಬುವುದಿಲ್ಲ. ಇನ್ನೂ ಗೋಡೆ ಎಬ್ಬಿಸಿಲ್ಲವಾದರೆ ಸುಡದ ಮಣ್ಣಿನ ಇಟ್ಟಿಗೆಯ ಬಗ್ಗೆ ವಿಚಾರಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಹೊಗೆ ಕಡಿಮೆ ಮಾಡುವ ಒಲೆಯಿಂದ ಹೆಸರಾಯಿತು, ಅಲ್ಲೇ ಕೆ.ಎಸ್. ಜಗದೀಶ್ ಮೊದಲಾದವರು ಕೆಂಪು ಮಣ್ಣು, ಮರಳಿಗೆ ನೂರಕ್ಕೆ ಏಳರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ವರ್ಷಗಟ್ಟಲೆ ತಿದ್ದಿದರು. ಭಟ್ಟಿ ಬೇಡ, ಭಟ್ಟಿಗೆ ಜಾಲಿ ಕಡಿಯುವುದೂ ಬೇಡ. ಕೂಡ್ಲಿಗಿ ಕಡೆ ಕೆಂಪು ಮಣ್ಣಿಗೇನು ಬರ. ನೋಡಲು ನುಣ್ಣಗೆ, ಚೌಕಾಗಿ ಇರುತ್ತದೆ; ಹೆಣ್ಣಿನ ಕಡೆಯವರು ಬಂದಾಗ ಇದು ಹೊಸ ನಮೂನೆ ಟೈಲ್ಸು ಎಂದರೂ ನಡೆಯುತ್ತದೆ.

ಕರೆಂಟ್ ಭಾಗ

ಹಳೇ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಎಂಬ ಹೊಸ ಫ್ಯಾನು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ ಒಂದಕ್ಕೆ ಇಪ್ಪತ್ತೆರಡೂವರೆ ಯೂನಿಟ್, ಇನ್ನೊಂದಕ್ಕೆ ಒಂಬತ್ತು. ಈ ಲೆಕ್ಕವನ್ನು ಮನೆಯಲ್ಲಿ ಹೇಳಿ ನೋಡಿ. 2023ರ ಜುಲೈನಿಂದ ಗೃಹಜ್ಯೋತಿ ಇದೆ, 200 ಯೂನಿಟ್ಟಿನೊಳಗೆ ಇದ್ದವರಿಗೆ ಬಿಲ್ಲು ಸೊನ್ನೆ. ಎಷ್ಟರವರೆಗೆ ಸೊನ್ನೆ ಎಂಬುದನ್ನು ಆ ಮನೆಯ ಹಿಂದಿನ ಬಳಕೆಯ ಸರಾಸರಿಯ ಮೇಲೆ ಕಟ್ಟಿದ್ದಾರೆ. ಮೊದಲಿಂದ ಲೈಟು ಆರಿಸಿ ಉಳಿಸಿದವನಿಗೆ ಸಣ್ಣ ಪಾಲು, ದನದ ಕೊಟ್ಟಿಗೆಗೂ ಬಲ್ಬು ಉರಿಸಿದವನಿಗೆ ದೊಡ್ಡ ಪಾಲು. ಬಡವರ ಮನೆಗೆ ಬಿಲ್ಲು ತಪ್ಪಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಉಳಿತಾಯದ ಪಾಠ ಮಾತ್ರ ಇನ್ನು ಬೇರೆಲ್ಲಾದರೂ ಹೇಳಬೇಕು.

ಸೌರ ಫಲಕ ಹಾಕಿಸುವುದಾದರೆ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ಮಾಳಿಗೆ ಬೇಕು. ಜಗಳ ಶುರುವಾಗುವುದು ಇಲ್ಲೇ. ಮೆಣಸಿನಕಾಯಿ, ಹುಣಸೆಹಣ್ಣು, ಶಾವಿಗೆ, ಸಂಡಿಗೆ ಒಣಗುವುದು ಅಲ್ಲಿ. ಬೇಸಿಗೆಯಲ್ಲಿ ಮಲಗುವುದು ಅಲ್ಲಿ. ಫಲಕಗಳನ್ನು ತಲೆಗಿಂತ ಎತ್ತರಕ್ಕೆ ಕಂಬಿ ನಿಲ್ಲಿಸಿ ಹಾಕಿಸಿ. ಖರ್ಚು ಸ್ವಲ್ಪ ಏರುತ್ತದೆ, ಆದರೆ ಕೆಳಗೆ ನೆರಳಾಗಿ ಸ್ಲ್ಯಾಬು ಕಾಯುವುದು ತಪ್ಪುತ್ತದೆ, ಮಂಚವೂ ಹಿಡಿಯುತ್ತದೆ. ಬೋರಿನ ನೀರಿನಲ್ಲಿ ತೊಳೆದರೆ ಒರೆಸದೆ ಬಿಡಬೇಡಿ, ಬಿಳಿ ಕಲೆ ಕೂರುತ್ತದೆ. ಸೋಲಾರ್ ನೀರುಕಾಯಿಸುವ ಕೊಳವೆಯೊಳಗೂ ಅದೇ ಬಿಳಿ ಪರೆ ಕಟ್ಟಿ ಕೂರುತ್ತದೆ. ಅಂದಹಾಗೆ, ಏಪ್ರಿಲ್‌ನಲ್ಲಿ ಅದು ಕೊಡುವ ಕುದಿನೀರು ಯಾರಿಗೂ ಬೇಡ. ಆ ತಿಂಗಳು ಕೆಳಗಿನ ನಲ್ಲಿಯಲ್ಲೂ ಅದೇ ಬರುತ್ತದೆ. ಹರಪನಹಳ್ಳಿ, ಹಡಗಲಿಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ತೋರಿಸಿ ‘ಅದಕ್ಕೊಂದು ವೈರು ಎಳೆದರೆ?’ ಎಂದು ಕೇಳುವವರಿಗೆ: ಅದು ಗ್ರಿಡ್ಡಿಗೆ ಹೋಗುತ್ತದೆ. ನಿಮ್ಮ ಊರಿನ ಕರೆಂಟ್ ಹೋದಾಗಲೂ ಅದು ತಿರುಗುತ್ತಿರುವುದು ಕಂಡರೆ ಬೇಸರ ಮಾಡಿಕೊಳ್ಳಬೇಡಿ.

ನೀರಿನ ಭಾಗ

ಇಲ್ಲಿ ಆರ್‌ಸಿಸಿಗೆ ಒಂದು ಅಂಕ ಕೊಡಲೇಬೇಕು. ಮಣ್ಣಿನ ಮಾಳಿಗೆಯಿಂದ ಇಳಿಯುವ ನೀರು ಎಮ್ಮೆ ತೊಳೆಯಲಿಕ್ಕಷ್ಟೇ ಸರಿ. ಸ್ಲ್ಯಾಬಿನ ನೀರನ್ನು ಹಿಡಿದು, ಸೋಸಿ, ಕುದಿಸಿ ಕುಡಿಯಬಹುದು. ನೂರು ಚದರ ಮೀಟರ್ ಛಾವಣಿಯ ಮೇಲೆ 600 ಮಿಲಿಮೀಟರ್ ಬಿದ್ದರೆ ಅರವತ್ತು ಸಾವಿರ ಲೀಟರ್. ಐದರಲ್ಲೊಂದು ಪಾಲು ಪೋಲಾಯಿತು ಅಂದುಕೊಂಡರೂ ಮನೆಮಂದಿಯ ಬಾಯಾರಿಕೆಗೆ ವರ್ಷ ಕಳೆದು ಮಿಗುತ್ತದೆ. ಕೂಡ್ಲಿಗಿ ತಾಲ್ಲೂಕಿನಲ್ಲಂತೂ ಇದು ಅಂಕದ ಮಾತೇ ಅಲ್ಲ. ಅಲ್ಲಿ ಕೊಳವೆಬಾವಿ ಇಳಿದಷ್ಟೂ ಫ್ಲೋರೈಡ್. ಮಕ್ಕಳ ಹಲ್ಲು ಹಳದಿ, ಹಿರಿಯರ ಕೀಲು ಬಿಗಿ. ಮೋಡದಿಂದ ಬಿದ್ದ ನೀರಿನಲ್ಲಿ ಆ ಕಾಟವಿಲ್ಲ. ಮೊದಲ ಮಳೆಯನ್ನು ಹೊರಗೆ ಬಿಡಿ, ಕಾಗೆ ಬೆಕ್ಕುಗಳ ವರ್ಷದ ಲೆಕ್ಕವೆಲ್ಲ ಅದರಲ್ಲಿ ಹೋಗುತ್ತದೆ. ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ತೊಟ್ಟಿಗೆ ಇಳಿಸಿ, ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಿ. ಇಷ್ಟು ಮಾಡಲಾಗದವರು ಈಗಿನಂತೆ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಿ, ಪಕ್ಕದ ಪೈಪಿನಲ್ಲಿ ಚರಂಡಿಗೆ ಹೋಗುವ ನೀರನ್ನು ನೋಡುತ್ತ ನಿಲ್ಲಿ.

ಬಚ್ಚಲ ನೀರು ಬಾಳೆಗೆ, ಕರಿಬೇವಿಗೆ. ಹಡಗಲಿಯವರು ಮಲ್ಲಿಗೆಗೂ ಬಿಡಬಹುದು. ಭೌಗೋಳಿಕ ಸೂಚಕ ಪಡೆದ ಹೂವಾದರೂ ಅದು ಜಂಬ ಮಾಡುವುದಿಲ್ಲ. ಹುಲ್ಲುಹಾಸು ಬೇಡ. ಪಡುವಣಕ್ಕೆ ಒಂದು ಬೇವು ನೆಡಿ, ಜಾಗ ಇದ್ದರೆ ಜಾಲಿಯನ್ನೂ ಕಡಿಯದೆ ಬಿಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ನೀರಲ್ಲಿ ನಿಂತ ಜಾಲಿಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿದ್ದರಿಂದ, ಯಾರೂ ಅಲ್ಲಿ ಲಾನ್ ಬೆಳೆಸಿರಲಿಲ್ಲ. ಕರಡಿಧಾಮವಿರುವ ಗುಡೇಕೋಟೆ ಸುತ್ತಿನವರು ಹಿತ್ತಲಿಗೆ ಸೀತಾಫಲ ಹಾಕುವ ಮುಂಚೆ ಕರಡಿಗಳ ಅಭಿಪ್ರಾಯ ಕೇಳಿ.

ಬಿಡಿಭಾಗಗಳ ಮಾರಾಟ

ಹಳೇ ಮನೆ ಇಳಿಸುವ ದಿನ ಗೂಡ್ಸ್ ಗಾಡಿ ತಂದು ನಿಲ್ಲಿಸಿಕೊಂಡು, ‘ಈ ಕಟ್ಟಿಗೆ ನಿಮಗ್ಯಾಕ ಬೇಕು’ ಎಂದು ಕೇಳುವವರು ಬರುತ್ತಾರೆ. ಕೆತ್ತನೆಯ ಬಾಗಿಲು, ಕಂಬ, ಬೋದಿಗೆ, ಯಾವುದನ್ನೂ ಆಗಲೇ ಕೊಡಬೇಡಿ. ಅವು ಎಲ್ಲೋ ಒಂದು ಪರಿಸರಸ್ನೇಹಿ ರೆಸಾರ್ಟಿನ ಮಣ್ಣು ಬಣ್ಣದ ಸಿಮೆಂಟ್ ಗೋಡೆಗೆ ಆತು ನಿಲ್ಲುತ್ತವೆ, ಒಳಗೆ ಎ.ಸಿ. ಓಡುತ್ತಿರುತ್ತದೆ, ಒಂದು ರಾತ್ರಿಯ ಬಾಡಿಗೆಗೆ ನಿಮ್ಮ ಸ್ಲ್ಯಾಬಿಗೆ ಎಷ್ಟೋ ಬೇಸಿಗೆ ಸುಣ್ಣ ಹೊಡೆಸಬಹುದು. ಆದಷ್ಟು ಹೊಸ ಮನೆಗೇ ಬಳಸಿ. ತಾತನ ಬಾಗಿಲು ಹೊಸ ಗೋಡೆಗೂ ಹೊಂದುತ್ತದೆ, ಗೌಂಡಿ ಸ್ವಲ್ಪ ಗೊಣಗುತ್ತಾನೆ, ಅಷ್ಟೇ. ಮಾರಲೇಬೇಕಾದ ಕಷ್ಟ ಬಂದರೆ, ಬಂದವನು ಕೆಜಿ ಲೆಕ್ಕದಲ್ಲಿ ದರ ಹೇಳಿದರೆ ಗಾಡಿ ತಿರುಗಿಸಲು ಜಾಗ ತೋರಿಸಿ. ಜೋಡಿ ಲೆಕ್ಕದಲ್ಲಿ ಮಾತಾಡಿದರೆ ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಡಿ, ಅವನು ಹೇಳಿದ ಮೊದಲ ದರಕ್ಕೆ ಮಾತ್ರ ಒಪ್ಪಬೇಡಿ.