ಮುಂದಿನ ಕ್ರಮಕ್ಕಾಗಿ

ಟಿಪ್ಪಣಿ ರಾಯರಿಗೆ ಈಗ ನಲವತ್ತನಾಲ್ಕು. ಅವರು ಬಹಳ ಗೌರವ ಇಟ್ಟುಕೊಂಡಿರುವ ಮಹನೀಯರೊಬ್ಬರಿದ್ದಾರೆ. ಆ ಮಹನೀಯರು ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾರೆ, ಕೊಳಲು ನುಡಿಸುತ್ತಾರೆ, ಕುಮಾರವ್ಯಾಸನನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದಾರೆ, ಕನಕಪುರದ ಆಚೆ ಎರಡು ಎಕರೆ ತೋಟ ಮಾಡಿದ್ದಾರೆ. ಸಕ್ಕರೆ ಮುಟ್ಟುವುದಿಲ್ಲ. ಸಿಟ್ಟಂತೂ ಬರುವುದೇ ಇಲ್ಲ. ಹೆಂಡತಿ ಮಾತಾಡುವಾಗ ಮೊಬೈಲು ತಿಕ್ಕುತ್ತಾ ಕೂರುವುದಿಲ್ಲ. ವಯಸ್ಸು ಅರುವತ್ತು. ಹೆಸರು, ವಿಳಾಸ, ಆಧಾರ್ ಸಂಖ್ಯೆ ಎಲ್ಲವೂ ರಾಯರದೇ. ಇನ್ನೂ ಬಂದಿಲ್ಲ, ಅಷ್ಟೇ.

ಟಿಪ್ಪಣಿ ರಾಯರು ಅನ್ನುವುದು ನಾವು ಇಟ್ಟ ಹೆಸರು. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ, ಬೇರೆ ಹೆಸರಿನಲ್ಲಿ. ನಮ್ಮವರದು ಸರ್ಕಾರಿ ನೌಕರಿ. ಯಾವ ಇಲಾಖೆ ಅನ್ನುವುದು ಬೇಡ. ಒಮ್ಮೆ ಇವರನ್ನು ತರಬೇತಿಗೆ ಕಳಿಸಿದ್ದರು. ಅಲ್ಲಿ ಕೋಟು ಹಾಕಿದ ತರುಣನೊಬ್ಬ ಎಲ್ಲರ ಕೈಗೂ ಒಂದೊಂದು ನೋಟ್‌ಬುಕ್ ಕೊಟ್ಟು, “ನಿವೃತ್ತಿ ಹೊತ್ತಿಗೆ ನೀವು ಹೇಗಿರುತ್ತೀರಿ? ಕಣ್ಣು ಮುಚ್ಚಿ ನೋಡಿ, ಆಮೇಲೆ ಬರೆಯಿರಿ” ಅಂದನಂತೆ. ಕಣ್ಣು ಮುಚ್ಚಿದ ಉಳಿದವರು ಊಟದ ಹೊತ್ತಿಗೆ ತೆರೆದರು. ರಾಯರೊಬ್ಬರೇ ಬರೆದರು. ಅವತ್ತಿನಿಂದ ಬರೆಯುತ್ತಲೇ ಇದ್ದಾರೆ.

ಈ ವಿದ್ಯೆ ಸುಳ್ಳೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಾರಾ ಕಿಂಗ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ವಿದ್ಯಾರ್ಥಿಗಳ ಕೈಲಿ ಇದನ್ನೇ ಬರೆಸಿದ್ದರು: ಎಲ್ಲವೂ ಅಂದುಕೊಂಡಂತೆ ನಡೆದರೆ ಮುಂದೆ ನಿಮ್ಮ ಬಾಳು ಹೇಗಿರುತ್ತದೆ ಅಂತ. ಬರೆದವರ ಮನಸ್ಸು ಹಗುರಾಯಿತು. ಐದು ತಿಂಗಳ ಮೇಲೆ ನೋಡಿದರೆ ಕಾಯಿಲೆ ಅಂತ ಡಾಕ್ಟರ ಹತ್ತಿರ ಹೋದದ್ದೂ ಕಡಿಮೆ. ಅಲ್ಲಿ ಬರೆಸಿದ್ದು ದಿನಕ್ಕೆ 20 ನಿಮಿಷದಂತೆ ನಾಲ್ಕು ದಿನ. ರಾಯರು ಇದನ್ನು ಓದಿ, ನಾಲ್ಕು ದಿನ ಬರೀ ಪುಸ್ತಕ ಆರಿಸಿದರು.

ಅವೆನ್ಯೂ ರಸ್ತೆಯ ಅಂಗಡಿಯವರಿಗೆಲ್ಲ ಇವರ ಪರಿಚಯ ಆದದ್ದು ಹಾಗೆ. ಗೆರೆ ಹಾಕಿದ ಹಾಳೆಯಲ್ಲಿ ಯೋಚನೆ ಗೆರೆ ದಾಟುವುದಿಲ್ಲವಂತೆ, ಅದಕ್ಕೆ ಚುಕ್ಕಿ ಹಾಳೆಯೇ ಬೇಕು. ಎಂಬತ್ತು ಜಿಎಸ್‌ಎಂ ಕಾಗದವಾದರೆ ಇಂಕು ಹಿಂದಿನ ಪುಟಕ್ಕೆ ಇಳಿಯುತ್ತದೆ, ನೂರಾದರೂ ಬೇಕು. ಅದಕ್ಕೆ ತಕ್ಕ ಇಂಕ್ ಪೆನ್ನು. ಪೆನ್ನಿಗೆ ತಕ್ಕ ಇಂಕು. ಇಷ್ಟೆಲ್ಲ ಆದಮೇಲೆ, ಇಷ್ಟು ಒಳ್ಳೆಯ ಪುಸ್ತಕದಲ್ಲಿ ಚಿತ್ತು ಕಾಟು ಆಗಬಾರದಲ್ಲ ಅಂತ, ಮಗಳ ಹಳೆಯ ಲೆಕ್ಕದ ಪುಸ್ತಕದ ಹಿಂದುಗಡೆ ಕರಡು ಬರೆಯತೊಡಗಿದರು. ಅವರ ಭವಿಷ್ಯದ ಬಹುಭಾಗ ಇವತ್ತಿಗೂ ಆರನೇ ಕ್ಲಾಸಿನ ಭಿನ್ನರಾಶಿಗಳ ಹಿಂಬದಿಯಲ್ಲೇ ಇದೆ.

ಶುರು ಮಾಡುವುದಕ್ಕೆ ರಾಯರಿಗೆ ವರ್ಷದಲ್ಲಿ ಐದು ಮುಹೂರ್ತಗಳು. ಜನವರಿ ಒಂದು ತಪ್ಪಿದರೆ ಅದು ಇಂಗ್ಲಿಷಿನವರ ವರ್ಷ, ನಮ್ಮದಲ್ಲ. ಯುಗಾದಿ ತಪ್ಪಿದರೆ ಏಪ್ರಿಲ್ ಒಂದಕ್ಕೆ ಆರ್ಥಿಕ ವರ್ಷ ಇದ್ದೇ ಇದೆ. ಅದೂ ಹೋದರೆ ಹುಟ್ಟಿದ ಹಬ್ಬ. ಕೊನೆಗೆ ವಿಜಯದಶಮಿ, ಅಕ್ಷರಾಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ದಿನ ಉಂಟೇ? ವಿಜಯದಶಮಿಯೂ ಜಾರಿತೆಂದರೆ ರಾಯರು ನಿರಾಳ. ಇನ್ನೇನು, ಎರಡೂವರೆ ತಿಂಗಳಿಗೆ ಜನವರಿ ಬಂತು.

ಬೆಂಜಮಿನ್ ಫ್ರಾಂಕ್ಲಿನ್ ಇವರಿಗೆ ದೇವರ ಸಮಾನ. ಆತ ಹದಿಮೂರು ಸದ್ಗುಣಗಳನ್ನು ಪಟ್ಟಿ ಮಾಡಿ, ವಾರಕ್ಕೊಂದರಂತೆ ಸಾಧನೆಗೆ ಕೂತವನು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ತಪ್ಪು ಮಾಡಿದ ದಿನ ಪುಸ್ತಕದಲ್ಲಿ ಕಪ್ಪು ಚುಕ್ಕಿ. ಹಳೆಯ ಚುಕ್ಕಿ ಕೆರೆದು ಹೊಸ ಚುಕ್ಕಿ ಇಟ್ಟು ಕಾಗದವೆಲ್ಲ ತೂತು ಬಿದ್ದಾಗ ಆತ ಪಟ್ಟಿಯನ್ನು ದಂತದ ಹಾಳೆಗಳಿಗೆ ಇಳಿಸಿದ. ಅದರ ಮೇಲಿನ ಸೀಸದ ಗುರುತನ್ನು ಒದ್ದೆ ಸ್ಪಂಜಿನಿಂದ ಒರೆಸಿದರೆ ಆಯಿತು. ಇದೆಲ್ಲ ಫ್ರಾಂಕ್ಲಿನ್ನನ ಆತ್ಮಕಥೆಯಲ್ಲೇ ಇದೆ. ರಾಯರಿಗೆ ಅದರಲ್ಲಿ ಬಹಳ ಹಿಡಿಸಿದ್ದು ಸದ್ಗುಣವಲ್ಲ, ಸ್ಪಂಜು. ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ಎಲ್ಲಾ ದಿನವೂ ಸ್ವಚ್ಛ.

ಪತ್ರದ ವಿಷಯಕ್ಕೆ ಬರೋಣ. ಭವಿಷ್ಯದ ನಿಮಗೆ ನೀವೇ ಪತ್ರ ಬರೆದುಕೊಳ್ಳಿ ಅಂತ ಈ ಶಾಸ್ತ್ರದಲ್ಲಿ ಒಂದು ವಿಧಿ. ಬೇರೆಯವರು “ಹಾಯ್” ಅಂತ ಶುರು ಮಾಡಿ ಮುಗಿಸುತ್ತಾರೆ. ರಾಯರು ಸಂಪ್ರದಾಯಸ್ಥರು. ಬರೆಯುತ್ತಿರುವುದು ತಮಗಿಂತ ಹದಿನಾರು ವರ್ಷ ದೊಡ್ಡವರಿಗೆ. ಹಾಗಾಗಿ, “ತೀರ್ಥರೂಪ ಸಮಾನರಾದ ಅರುವತ್ತರ ನನಗೆ, ನಲವತ್ತನಾಲ್ಕರ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು ಇಷ್ಟು ಹೊತ್ತಿಗೆ ಕೊಳಲಿನಲ್ಲಿ ಮೋಹನ ರಾಗ ನುಡಿಸುತ್ತಿರುವಿರೆಂದು ನಂಬಿರುತ್ತೇನೆ.” ನಂಬಿಕೆ ದೊಡ್ಡದು. ಕೊಳಲು ಇನ್ನೂ ಕೊಂಡಿಲ್ಲ. ಎಲ್ಲಾ ಪತ್ರಗಳೂ ಇದೇ ಧಾಟಿ: ನಮಸ್ಕಾರ ಮೇಲೆ, ಕೆಲಸ ಕೆಳಗೆ. ಇಂಗ್ಲಿಷ್ ಸುಧಾರಿಸಿಕೊಂಡಿರಬೇಕು, ಹೊಟ್ಟೆ ಕರಗಿಸಿರಬೇಕು, ತಮ್ಮನ ಜೊತೆ ಮಾತು ಬಿಟ್ಟದ್ದನ್ನು ಸರಿಮಾಡಿಕೊಂಡಿರಬೇಕು. ಸ್ವಂತ ತಂದೆಯ ಮೇಲೂ ಯಾರೂ ಇಷ್ಟು ಭಾರ ಹೊರಿಸಿರಲಿಕ್ಕಿಲ್ಲ.

ತೋಟದ ಕಥೆಯೇ ಬೇರೆ. ಕೃಷಿಕರಲ್ಲದವರು ಕರ್ನಾಟಕದಲ್ಲಿ ಜಮೀನು ಕೊಳ್ಳುವಂತಿಲ್ಲ, ಭೂಸುಧಾರಣಾ ಕಾಯ್ದೆ ಅಡ್ಡ ಇದೆ ಅಂತ ರಾಯರು ಅನೇಕ ವರ್ಷ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿನಲ್ಲಿ ಒಂದು ಸುಖ ಇತ್ತು. 2020ರಲ್ಲಿ ಸರ್ಕಾರ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನೇ ತೆಗೆದುಹಾಕಿತು. ರೈತ ಸಂಘಟನೆಗಳು ಬೀದಿಗಿಳಿದವು. ಅವರಿಗೆ ಇದ್ದ ಕಾರಣಗಳು ಬೇರೆ, ಗಂಭೀರವಾದವು. ಆದರೆ ಆ ತಿದ್ದುಪಡಿಯಿಂದ ನಮ್ಮ ಬೀದಿಯಲ್ಲಿ ನಷ್ಟಕ್ಕೆ ಒಳಗಾದವರು ರಾಯರೇ. ಒಂದು ವಾರ ಮಂಕಾಗಿದ್ದು, ಆಮೇಲೆ ಜರ್ನಲ್‌ನಲ್ಲಿ ಬರೆದುಕೊಂಡರು: “ಮೊದಲು ಮಣ್ಣಿನ ಬಗ್ಗೆ ಓದಬೇಕು.”

ಭವಿಷ್ಯದ ನಮ್ಮನ್ನು ನಾವು ಅಪರಿಚಿತರ ಹಾಗೆ ಕಾಣುತ್ತೇವೆ, ಅದಕ್ಕೇ ಅವರಿಗಾಗಿ ದುಡ್ಡು ಉಳಿಸುವುದಿಲ್ಲ ಅನ್ನುವುದು ಹ್ಯಾಲ್ ಹರ್ಷ್‌ಫೀಲ್ಡ್ ಎಂಬ ವಿದ್ವಾಂಸರ ವಾದ. 2011ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಂಪ್ಯೂಟರಿನಿಂದ ಮುದಿ ಮಾಡಿದ ತಮ್ಮದೇ ಮುಖ ನೋಡಿದವರು ನಿವೃತ್ತಿಗೆಂದು ಹೆಚ್ಚು ಹಣ ತೆಗೆದಿಡಲು ಒಪ್ಪಿದರು. ರಾಯರಿಗೆ ಇದು ತೀರಾ ಹತ್ತಿರದ ವಿಷಯ. ಅವರು ಕೆಲಸಕ್ಕೆ ಸೇರಿದ್ದು 2008ರಲ್ಲಿ. ರಾಜ್ಯದಲ್ಲಿ 2006ರ ಏಪ್ರಿಲ್ ಒಂದರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್. ಅರುವತ್ತರ ಮಹನೀಯರು ಕೊಳಲು ನುಡಿಸಬೇಕಾದರೆ ಊಟಕ್ಕೆ ಬೇಕಲ್ಲ. ಸರಿ, ಮೊಬೈಲಿನಲ್ಲಿ ಮುಖ ಮುದಿಯಾಗಿಸುವ ಆ್ಯಪ್ ಹಾಕಿಕೊಂಡು ಫೋಟೋ ತೆಗೆದರು. ಹೆಂಡತಿ ಇಣುಕಿ ನೋಡಿ, “ಅಯ್ಯೋ, ಥೇಟ್ ನಿಮ್ಮ ದೊಡ್ಡಪ್ಪ!” ಅಂದರು. ದೊಡ್ಡಪ್ಪ ಅಂದರೆ ಊರಿನ ತೆಂಗಿನ ತೋಟವನ್ನು ಕೋರ್ಟು ಕಚೇರಿ ಅಂತ ಕರಗಿಸಿ, ರಾಯರ ತಂದೆಯಿಂದ ಸಾಲ ಪಡೆದು ಹಿಂದಿರುಗಿಸದೆ ಹೋದವರು. ಅವತ್ತು ಎನ್‌ಪಿಎಸ್‌ಗೆ ತಿಂಗಳಿಗೆ ಎರಡು ಸಾವಿರ ಹೆಚ್ಚಿಗೆ ಕಟ್ಟಬೇಕೆಂದಿದ್ದ ರಾಯರು ಫೋಟೋವನ್ನೇ ದಿಟ್ಟಿಸಿದರು. “ಈ ಮನುಷ್ಯನಿಗೆ ಒಂದು ಪೈಸೆ ಕೊಡಬಾರದು” ಅಂತ ಫೋನು ಬೋರಲು ಹಾಕಿದರು.

ರಾಯರ ಹೆಂಡತಿಯದು ಇಂಥ ಸಾಧನೆ ಏನೂ ಇಲ್ಲ. ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ, ಅದರ ಪಕ್ಕ ದಾರ ಕಟ್ಟಿದ ಒಂದು ಪೆನ್ಸಿಲ್. ತಾರೀಖಿನ ಮನೆಗಳಲ್ಲಿ “ಹಾಲು ಅರ್ಧ”, “ಗ್ಯಾಸ್ ಬಂತು”, “ಚೀಟಿ ಕಟ್ಟಿದ್ದು”. ಮಗಳ ಮುಂದಿನ ಜೂನ್ ಫೀಸಿಗೆ ಈ ಶ್ರಾವಣದಲ್ಲೇ ಚೀಟಿ ಸೇರಿರುತ್ತಾರೆ, ಬೇಕಾದ ತಿಂಗಳು ಎತ್ತಿರುತ್ತಾರೆ. ನಿಮ್ಮ ಅರುವತ್ತನ್ನು ಊಹಿಸಿಕೊಂಡಿದ್ದೀರಾ ಅಂತ ಒಮ್ಮೆ ಕೇಳಿದೆ. “ಅದರಲ್ಲಿ ಊಹಿಸೋದೇನು? ಮಂಡಿ ನೋವಿರತ್ತೆ. ಅದಕ್ಕೇ ಗ್ರೌಂಡ್ ಫ್ಲೋರ್ ಮನೆ ನೋಡಿ ಅಂತ ಇವರಿಗೆ ಬಡ್ಕೋತಾನೇ ಇದೀನಿ” ಅಂದರು. ರಾಯರು ಅದನ್ನು ಕೇಳಿಸಿಕೊಂಡು ಜರ್ನಲ್‌ನಲ್ಲಿ ಗುರುತು ಹಾಕಿಕೊಂಡರು. ಯಾವ ಮುಹೂರ್ತಕ್ಕೆ ಅಂತ ಗೊತ್ತಾಗಲಿಲ್ಲ.

ಮೊನ್ನೆ ಭಾನುವಾರ ರಾಯರು ಬಹಳ ಉತ್ಸಾಹದಲ್ಲಿದ್ದರು. ಪತ್ರ ಬರೆದರಷ್ಟೇ ಸಾಲದು, ಅರುವತ್ತರ ಸ್ಥಾನದಲ್ಲಿ ಕೂತು ಉತ್ತರವನ್ನೂ ಬರೆಯಬೇಕು, ಕೈ ತಾನಾಗಿ ಓಡಿದಂತೆ ಓಡಲು ಬಿಡಬೇಕು ಅಂತ ಎಲ್ಲೋ ಓದಿದ್ದರಂತೆ. ರಾಯರ ಕೈ ಹದಿನೇಳು ವರ್ಷ ಕಡತದ ಮೇಲೆ ಓಡಿದ ಕೈ. ಓದಿ ಅಂತ ಪುಸ್ತಕವನ್ನು ನನ್ನ ಮುಂದಿಟ್ಟರು.

“ಚಿರಂಜೀವಿ ನಲವತ್ತನಾಲ್ಕಕ್ಕೆ ಅನೇಕ ಆಶೀರ್ವಾದಗಳು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೊಳಲು, ತೋಟ, ಕುಮಾರವ್ಯಾಸ, ಸಕ್ಕರೆ ಹಾಗೂ ಸಿಟ್ಟು ಕುರಿತ ನಿನ್ನ ಪತ್ರಗಳು ಈ ವಯಸ್ಸಿಗೆ ಸ್ವೀಕೃತವಾಗಿರುತ್ತವೆ. ಪರಿಶೀಲಿಸಲಾಗಿ, ಸದರಿ ಕೆಲಸಗಳು ಎಪ್ಪತ್ತೈದರ ಹಿರಿಯರ ವ್ಯಾಪ್ತಿಗೆ ಬರುವುದು ಕಂಡುಬಂದಿದ್ದು, ಮುಂದಿನ ಸೂಕ್ತ ಕ್ರಮಕ್ಕಾಗಿ ಅವರಿಗೆ ರವಾನಿಸಲಾಗಿದೆ.”

ಓದಿ ಮುಖ ನೋಡಿದೆ. ರಾಯರ ಕಣ್ಣಲ್ಲಿ ಹೆಮ್ಮೆ ತುಳುಕುತ್ತಿತ್ತು.

“ನೋಡಿದ್ರಾ ಸಾರ್, ಬಂದ ದಿನವೇ ವಿಲೇವಾರಿ! ನಮ್ಮ ಆಫೀಸಲ್ಲಿ ಇದು ಸಾಧ್ಯಾನಾ?”